ಬೆರಳ ಓಡ್ತಾವ, ಹಾಡು ಎಲ್ಲೈತಿ?

ನಮ್ಮ ಸಂಘದ ಪತ್ರಿಕೆಯ ಈ ಸಲದ ಸಂಪಾದಕೀಯವನ್ನು ಬೆಳಗಾವಿಯ ಟಿಳಕವಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಜೆಗೆ ಜೊತೆಯಲ್ಲಿ ಬಂದಿರುವ ಮಗಳು ಪಿಯಾನೊ ಕಲಿಯುತ್ತಾಳೆ. ಲಿಸ್ಟ್‌ನ ‘ಲಾ ಕಂಪನೆಲ್ಲಾ’ ಎಂಬ ಪಿಯಾನೊ ಕೃತಿ ನುಡಿಸುವ ಹುಡುಗನೊಬ್ಬನ ವಿಡಿಯೋವನ್ನು ಮೊನ್ನೆ ನಮ್ಮ ಕಾಕಾಗೆ ತೋರಿಸಿದಳು. ಕಾಕಾ ಹಳೇ ಹಾರ್ಮೋನಿಯಂ ಮನುಷ್ಯ. ಪೂರ್ತಿ ನೋಡಿ, “ಬೆರಳ ಭಾಳ ಚಲೋ ಓಡ್ತಾವವಾ. ಖರೆ, ಹಾಡು ಎಲ್ಲೈತಿ?” ಅಂದರು. ಮಗಳಿಗೆ ಸಿಟ್ಟು ಬಂತು. “ಅಷ್ಟು ದೂರ ಕೈ ಜಿಗಿಸಿ ಒಂದೂ ತಪ್ಪದೆ ನುಡಿಸೋದು ಸುಮ್ನೆ ಆಗುತ್ತಾ ಅಜ್ಜಾ?”

ತಂತ್ರ ಒಂದು ಕಡೆ, ಭಾವ ಒಂದು ಕಡೆ ಅಂತ ಇಬ್ಬರೂ ಪಾಲು ಮಾಡಿಕೊಂಡಿದ್ದರು. ನನಗೆ ಆ ಪಾಲೇ ಒಪ್ಪಿಗೆಯಿಲ್ಲ.

ಪಿಯಾನೊದ ಕೀ ಒತ್ತಿದರೆ ಒಂದು ಸಣ್ಣ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರವನ್ನು ಬೆಳೆಸಲು ಬೆರಳಿನಿಂದ ಆಗುವುದಿಲ್ಲ. ಹಾರ್ಮೋನಿಯಂನಲ್ಲಾದರೂ ತಿದಿ ಒತ್ತಿ ಸ್ವರವನ್ನು ಉಬ್ಬಿಸಬಹುದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅಂತೂ ಎರಡರಲ್ಲೂ ಇಲ್ಲ. ಹಾಗಾದರೆ ಪಿಯಾನೊದಲ್ಲಿ ಭಾವ ಎಲ್ಲಿಂದ ಬರಬೇಕು? ಸುತ್ತಿಗೆ ಎಷ್ಟು ಜೋರಾಗಿ ಬಡಿಯಿತು, ಬೆರಳು ಯಾವಾಗ ಎತ್ತಿದರು, ಮುಂದಿನ ಸ್ವರಕ್ಕೆ ಕೂದಲೆಳೆಯಷ್ಟು ಕಾದರೋ ಇಲ್ಲವೋ, ಸ್ವರವನ್ನು ಉಳಿಸುವ ಕಾಲಿನ ಪೆಡಲ್ ಯಾವಾಗ ಬಿಟ್ಟರು, ಇಷ್ಟರಲ್ಲೇ ಎಲ್ಲ. ನಾಲ್ಕೈದು ಸ್ವರ ಒಟ್ಟಿಗೆ ಬಾರಿಸುವಾಗ ಮೇಲಿನದೊಂದು ಹಾಡಬೇಕು, ಉಳಿದವು ತಗ್ಗಬೇಕು. ಬಲಗೈಯಲ್ಲಿ ಆ ಮೇಲಿನ ಸ್ವರ ಬೀಳುವುದು ಸಾಮಾನ್ಯವಾಗಿ ಕಿರುಬೆರಳಿಗೆ, ಬಡಪಾಯಿ ಬೆರಳಿಗೆ! ಇದು ತಂತ್ರವಲ್ಲದೆ ಇನ್ನೇನು? ವೇಗ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ.

1986ರಲ್ಲಿ 82 ವರ್ಷದ ಪಿಯಾನೊ ವಾದಕ ವ್ಲಾದಿಮಿರ್ ಹೊರೊವಿಟ್ಜ್, ಆರು ದಶಕಗಳ ಬಳಿಕ ತಾಯ್ನಾಡಿಗೆ ಹೋಗಿ ಮಾಸ್ಕೋದಲ್ಲಿ ನುಡಿಸಿದರು. ಅಂದು ನುಡಿಸಿದ್ದರಲ್ಲಿ ಶೂಮನ್‌ನ ‘ಟ್ರಾಯ್‌ಮೆರೈ’ ಒಂದು. ಚಿಕ್ಕದು, ನಿಧಾನದ್ದು, ಕಲಿಯುವ ಮಕ್ಕಳೂ ನುಡಿಸುವಂಥದ್ದು. ವಿಡಿಯೋದಲ್ಲಿ ಕೇಳುಗರ ಕಣ್ಣೀರು ಕಾಣುತ್ತದೆ. ಆದರೆ ಅದೇ ಕೈ ವೇಗಕ್ಕೂ ಗುಡುಗಿಗೂ ಜಗತ್ತಿಗೇ ಹೆಸರಾಗಿತ್ತು, ಅಲ್ವಾ?

ಕಾಕಾಗೆ ಇದು ಹೊಸದೇನಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅದಕ್ಕೆ ಹೇಳಿದ ಕಾರಣಗಳಲ್ಲಿ ಮೀಂಡ್ ಬಾರದು ಅನ್ನುವುದೂ ಒಂದು. ಆ ಕಾಲದಲ್ಲೇ ಇದೇ ಬೆಳಗಾವಿಯಲ್ಲಿ ಪಂಡಿತ್ ರಾಮಭಾವು ಬಿಜಾಪುರೆ ಅದೇ ಪೆಟ್ಟಿಗೆಯನ್ನು ಹಾಡುವಂತೆ ನುಡಿಸಿದರು, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು. ಹಾಡಿಸಿದ್ದು ಬೆರಳೇ.

ಭಾವದ ಹೆಸರಲ್ಲಿ ಇನ್ನೊಂದು ಮೋಸವೂ ಇದೆ. ಕಣ್ಣು ಮುಚ್ಚುವುದು, ತಲೆ ಹಿಂದಕ್ಕೆ ಎಸೆಯುವುದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಗೀತ ಸ್ಪರ್ಧೆ ಗೆದ್ದವರು ಯಾರೆಂದು ಧ್ವನಿ ಮಾತ್ರ ಕೇಳಿದವರಿಗಿಂತ ಸದ್ದಿಲ್ಲದ ವಿಡಿಯೋ ನೋಡಿದವರೇ ಜಾಸ್ತಿ ಸರಿಯಾಗಿ ಗುರುತಿಸಿದರು. ಸಂಗೀತ ಬಲ್ಲವರೂ ಇದಕ್ಕೆ ಹೊರತಾಗಲಿಲ್ಲ. ಅಂದರೆ ನಾವು ಕಿವಿಗಿಂತ ಕಣ್ಣಿಂದಲೇ ಮಾರ್ಕ್ಸ್ ಹಾಕುವವರು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲೂ ಹಾಗೇ. ಮಗು ಸರಸರ ನುಡಿಸಿದರೆ ಸೀಟಿ, ನಿಧಾನಕ್ಕೆ ನುಡಿಸಿದರೆ ಮರ್ಯಾದೆಯ ಚಪ್ಪಾಳೆ. ನವೆಂಬರ್‌ನ ರಾಜ್ಯೋತ್ಸವಕ್ಕೆ ಪಿಯಾನೊ ನುಡಿಸುವ ಮಕ್ಕಳು ಒಂದು ವೇಗದ್ದು ತಂದರೆ, ಒಂದು ನಿಧಾನದ್ದೂ ತರಲಿ. ಪಾಲಕರೇ, ಅದು ನಡೆಯುವಾಗ ಹಿಂದಿನ ಸಾಲಿನಲ್ಲಿ ಊಟದ ಕೂಪನ್ ಲೆಕ್ಕ ಬೇಡ. ಅದಕ್ಕೆ ಹೊರಗೆ ಬೇರೆ ಟೇಬಲ್ ಹಾಕಿಸುತ್ತೇವೆ.