ಎಂಜಿನ್ ಶಾಪಿನಿಂದ ಮಂಜುಗೆ

ಮಂಜು,

ಮಗ ಪಿಯುಸಿ ಮುಗಿಸಿ ವಿಮಾನ ರಿಪೇರಿ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ, ಸೇರಿಸಲಾ ಬೇಡವಾ ಅಂತ ಕೇಳಿದ್ದೀಯ. ಫೋನಿನಲ್ಲಾದರೆ ನಮ್ಮ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಮಾನ ನೋಡೋ ಆಸೆಯಿಂದ ಬರುವುದಾದರೆ ಎಂಜಿನ್ ಶಾಪ್ ಬೇಡ ಅಂತ ಹೇಳು. ಸಿಂಗಪುರಕ್ಕೆ ಬಂದು ಒಂಬತ್ತು ವರ್ಷವಾಯಿತು, ನಾನು ಮುಟ್ಟೋದು ರೆಕ್ಕೆಯಿಂದ ಇಳಿಸಿ ತಂದ ಎಂಜಿನ್ ಮಾತ್ರ. ಜಾಸ್ತಿ ಬರೋದು ಸಿಎಫ್‌ಎಂ56. ಬೋಯಿಂಗ್ 737, ಏರ್‌ಬಸ್ ಎ320 ಎರಡರಲ್ಲೂ ಇರುತ್ತಲ್ಲ, ಅದೇ. ಬಿಚ್ಚುತ್ತೇವೆ, ತೊಳೆಯುತ್ತೇವೆ, ಬಿರುಕು ಹುಡುಕುತ್ತೇವೆ, ಜೋಡಿಸಿ ಟೆಸ್ಟ್ ಸೆಲ್‌ನಲ್ಲಿ, ಅಂದರೆ ಎಂಜಿನ್ ಪರೀಕ್ಷೆಯ ಕೋಣೆಯಲ್ಲಿ, ಓಡಿಸಿ ನೋಡುತ್ತೇವೆ. ಪ್ರತಿ ಹೆಜ್ಜೆಗೂ ಸಹಿ. ಅರ್ಧ ಕೆಲಸ ಕಾಗದದ್ದೇ.

ಒಂದು ಟರ್ಬೈನ್ ಬ್ಲೇಡ್, ಅಂದರೆ ಎಂಜಿನ್ನಿನ ಬಿಸಿ ಗಾಳಿಗೆ ತಿರುಗುವ ಚಕ್ರದ ಒಂದು ಎಸಳು, ನಿನ್ನ ಕೈಗೆ ಕೊಡಬೇಕು ಅಂತ ಎಷ್ಟೋ ಸಲ ಅನಿಸಿದೆ ಕಣೋ. ಮುಷ್ಟಿಯಲ್ಲಿ ಮುಚ್ಚಿಡುವಷ್ಟು ಚಿಕ್ಕದು. ತಾನು ಕರಗುವ ಬಿಸಿಗಿಂತ ಜಾಸ್ತಿ ಬಿಸಿಯ ಗಾಳಿಯಲ್ಲಿ ಅದು ತಿರುಗಬೇಕು. ಉಳಿಯೋದು ಹೇಗೆ ಗೊತ್ತಾ? ಬ್ಲೇಡಿನ ಒಳಗೆ ಟೊಳ್ಳು, ಮೈಮೇಲೆ ಸಣ್ಣ ಸಣ್ಣ ತೂತು. ಆ ತೂತುಗಳಿಂದ ಸ್ವಲ್ಪ ತಂಪಾದ ಗಾಳಿ ಹೊರಬಂದು ಮೈಗೆ ತೆಳ್ಳನೆ ಹೊದಿಕೆಯಾಗುತ್ತದೆ. ಮರಳು ಧೂಳಿನ ಊರುಗಳಲ್ಲಿ ಹಾರಿದ ಎಂಜಿನ್ ಬಂದರೆ ನಾವು ಈ ತೂತುಗಳ ಕಡೆ ವಿಶೇಷವಾಗಿ ನೋಡುತ್ತೇವೆ.

ಇನ್ನು ನಾನು ಯಾರಿಗೂ ಹೇಳದ ವಿಷಯ. ಬಂದ ಎರಡನೇ ವರ್ಷ, ನೈಟ್ ಶಿಫ್ಟ್. ಗಾಳಿಯನ್ನು ಒತ್ತುವ ಭಾಗದ, ಅಂದರೆ ಕಂಪ್ರೆಸರ್‌ನ, ಬ್ಲೇಡ್ ಒಂದು ನನ್ನ ಕೈಯಿಂದ ಮೇಜಿನ ಅಂಚಿಗೆ ತಾಗಿತು. ಉಗುರಿಗೆ ಸಿಕ್ಕೀತೋ ಇಲ್ಲವೋ ಅನ್ನುವಷ್ಟು ಸಣ್ಣ ಗೀರು. ಯಾರೂ ನೋಡಿರಲಿಲ್ಲ. ನಮ್ಮ ಹರಿಹರದ ಶೆಡ್ಡಿನಲ್ಲಾಗಿದ್ದರೆ ಎಮರಿ ಪೇಪರ್‌ನಲ್ಲಿ ಎರಡು ಸಲ ಉಜ್ಜಿ ಟೀ ಕುಡಿಯೋಕೆ ಹೋಗುತ್ತಿದ್ದೆವು, ಅಲ್ವಾ? ನಾನೂ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಆಮೇಲೆ ಹೋಗಿ ಹೇಳಿದೆ. ಸೂಪರ್‌ವೈಸರ್ ಮುಖ ಎತ್ತಲೂ ಇಲ್ಲ, ಫಾರ್ಮ್ ಕೊಟ್ಟರು. ಇನ್‌ಸ್ಪೆಕ್ಟರ್ ಗೀರಿನ ಆಳ ಅಳೆದರು. ಎಷ್ಟು ಆಳದವರೆಗೆ ಉಜ್ಜಿ ನಯ ಮಾಡಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದರೊಳಗೇ ಇತ್ತು. ಕೊನೆಗೆ ಮಾಡಿದ್ದು ಅದೇ ಉಜ್ಜೋದು! ಆದರೆ ಅಳೆದು, ಬರೆದು, ಸಹಿ ಹಾಕಿ.

ಅದೇ ವರ್ಷ, 2018ರ ಏಪ್ರಿಲ್ 17ರಂದು, ಅಮೆರಿಕದಲ್ಲಿ ಹಾರುತ್ತಿದ್ದ ಸೌತ್‌ವೆಸ್ಟ್ ವಿಮಾನದಲ್ಲಿ ಇದೇ ಸಿಎಫ್‌ಎಂ56ರ ಮುಂದಿನ ದೊಡ್ಡ ಫ್ಯಾನಿನ 24 ಬ್ಲೇಡ್‌ಗಳಲ್ಲಿ ಒಂದು ಮುರಿಯಿತು. ಒಬ್ಬರು ಪ್ರಯಾಣಿಕರು ತೀರಿಕೊಂಡರು. ಅದು ಪೆಟ್ಟಿನ ಗೀರಲ್ಲ, ಲೋಹ ದಣಿದು ಬುಡದಲ್ಲಿ ಬಿಟ್ಟ ಬಿರುಕು. ಆದರೂ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹತ್ತು ನಿಮಿಷ.

ಕೋರ್ಸಿನ ವಿಷಯ: ಕಾಲೇಜಿಗೆ ಡಿಜಿಸಿಎ (ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆ ಇದೆಯಾ ಅಂತ ನೀನೇ ಖುದ್ದಾಗಿ ನೋಡು, ಬಣ್ಣದ ಬ್ರೋಷರ್ ನಂಬಬೇಡ. ಕೋರ್ಸ್ ಮುಗಿದ ಕೂಡಲೇ ಲೈಸೆನ್ಸ್ ಕೈಗೆ ಬರೋದಿಲ್ಲ. ಡಿಜಿಸಿಎ ಪರೀಕ್ಷೆಗಳೂ ಪಾಸಾಗಬೇಕು, ಕೆಲಸದ ಅನುಭವವೂ ಬೇಕು.

ಅದಕ್ಕೂ ಮೊದಲು ರಜೆಯಲ್ಲಿ ಒಂದು ತಿಂಗಳು ನಿಮ್ಮಪ್ಪನ ಹಳೇ ಕಿರ್ಲೋಸ್ಕರ್ ಲೇತಿನ ಮುಂದೆ ಅವನನ್ನು ನಿಲ್ಲಿಸು. ಕಡೆಯುತ್ತಿರುವ ತುಂಡು ಕೆಟ್ಟಾಗ ತಾನಾಗೇ ಬಂದು ಹೇಳುತ್ತಾನಾ, ಇಲ್ಲಾ ಸ್ಕ್ರ್ಯಾಪ್ ಡಬ್ಬದ ತಳಕ್ಕೆ ಹಾಕುತ್ತಾನಾ ನೋಡು. ನೋಡಿ ನನಗೆ ಬರಿ.

ನಿನ್ನ,
ಶೆಡ್ಡಿನ ಜೊತೆಗಾರ