ಮಗಳಿಗೊಂದು ಪತ್ರ: ಪತ್ತನಾಜೆ ಕಳೆಯಲಿ, ಆಮೇಲೆ ಸಿನಿಮಾ

ಅಂಬಲಪಾಡಿ, ಉಡುಪಿ

ಪ್ರೀತಿಯ ಮಗಳೇ,

ಇಲ್ಲಿಯ ಟಿವಿಯಲ್ಲಿ ಸಿನಿಮಾ ನೋಡಲು ಒಂದು ವರ್ಷಕ್ಕೆ ಅಮೆಜಾನ್ ಪ್ರೈಮ್ ಹಾಕಿಸಲಾ ಎಂದು ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನಿನ್ನದು ಗೊತ್ತಲ್ಲ, "ಆಯ್ತಮ್ಮ, ನಾನೇ ಹಾಕಿಸ್ತೇನೆ ಬಿಡು" ಎಂದು ಮಾತು ಮುಗಿಸುತ್ತೀಯ. ಮಾರನೇ ದಿನ ಒಂದು ವರ್ಷದ ದುಡ್ಡು ಕಟ್ಟಿ ಆಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು ಮಾರಾಯ್ತಿ, ಆಮೇಲೆ ಕಾರ್ಡ್ ಹೊರಗೆ ತೆಗೆ.

ನಿನ್ನ ಲೆಕ್ಕ ನನಗೆ ಅರ್ಥವಾಗಿದೆ. ಪ್ರೈಮ್ ವರ್ಷಕ್ಕೆ 1499 ರೂಪಾಯಿ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 125. "ಎರಡು ಜನ ಮಸಾಲೆ ದೋಸೆ ತಿಂದಷ್ಟೂ ಆಗುವುದಿಲ್ಲ" ಎಂದು ನೀನು ಹೇಳಿದೆ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತು ಎದ್ದ ನನಗೆ ಭಾಗಾಕಾರ ಹೊಸದೇನಲ್ಲ. ಆದರೆ ಭಾಗಿಸಬೇಕಾದ್ದು ಕ್ಯಾಲೆಂಡರಿನಲ್ಲಿ ಇರುವ ತಿಂಗಳುಗಳಿಂದಲ್ಲ, ನಾವು ಕೂತು ನೋಡುವ ತಿಂಗಳುಗಳಿಂದ. ನಾವು ನೋಡುವುದು ಐದೇ ತಿಂಗಳಾದರೆ ಅದೇ 1499 ತಿಂಗಳಿಗೆ 300 ಆಯಿತು. ಈಗ ಹೇಳು, ಅಗ್ಗವಾ?

ಐದು ಎಲ್ಲಿಂದ ಬಂತು ಎಂದು ಕೇಳುತ್ತೀಯ. ನಮ್ಮ ಮನೆಯ ವರ್ಷ ನಿನಗೆ ಮರೆತಿರಲಿಕ್ಕಿಲ್ಲ. ದೀಪಾವಳಿ ಕಳೆದು ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟವು ಎಂದರೆ ಅಪ್ಪ ರಾತ್ರಿ ಮನೆಯಲ್ಲಿ ಸಿಕ್ಕುವುದೇ ಕಷ್ಟ. ಎಲ್ಲಿ ಹರಕೆ ಆಟ, ಯಾವ ಪ್ರಸಂಗ, ಭಾಗವತರು ಯಾರು ಎಂದು ಮಧ್ಯಾಹ್ನದಿಂದಲೇ ಫೋನು ಶುರು. ಜನವರಿ ಬಂದರೆ ಜಾತ್ರೆ, ದೈವಗಳ ನೇಮ, ಕೋಲ. ಏಪ್ರಿಲ್, ಮೇ ಎಂದರೆ ಮದುವೆ, ಗೃಹಪ್ರವೇಶ, ದೇವಸ್ಥಾನಗಳ ಬ್ರಹ್ಮಕಲಶ. ಕೆಲವು ಭಾನುವಾರ ಮೂರು ಮೂರು ಕಡೆ ಊಟದ ಕರೆ ಇರುತ್ತದೆ, ಎಲ್ಲಿಗೆ ಹೋಗದಿದ್ದರೂ ಬೇಜಾರು. ಈ ಆರೇಳು ತಿಂಗಳು ನಮ್ಮ ಟಿವಿ ಇರುವುದು ಅಪ್ಪನ ಸುದ್ದಿಗೆ ಮತ್ತು ಅಜ್ಜಿಯ ಧಾರಾವಾಹಿಗೆ. ಎರಡೂ ಕೇಬಲಿನಲ್ಲಿ ಬರುತ್ತವೆ. ಆಗ ನೀನು ಯಾವ ಕಂಪನಿಯ ಸಿನಿಮಾ ತಂದು ರಾಶಿ ಹಾಕಿದರೂ ನೋಡುವವರಿಲ್ಲ.

ಪತ್ತನಾಜೆಗೆ ಎಲ್ಲ ಒಮ್ಮೆಲೇ ನಿಲ್ಲುತ್ತದೆ. ಅದು ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಆಸುಪಾಸು. ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳೂ ಇಲ್ಲ. ಹಿಂದೆಯೇ ಮಳೆ. ಸಂಜೆ ಆರಕ್ಕೇ ಕತ್ತಲು, ಹೊರಗೆ ಕಾಲಿಡುವ ಹಾಗಿಲ್ಲ. ಮಳೆಗಾಲದಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಇದೆ, ಚಿಕ್ಕಮೇಳ ಮನೆಗೇ ಬರುತ್ತದೆ, ಒಪ್ಪಿದೆ. ಆದರೆ ದಿನಾ ಬರುವುದಿಲ್ಲವಲ್ಲ. ಆ ಸಮಯದಲ್ಲಿ ಅಪ್ಪ ಊಟ ಆದ ಮೇಲೆ ಜಗಲಿಯಿಂದ ಚಾವಡಿಗೆ, ಚಾವಡಿಯಿಂದ ಜಗಲಿಗೆ ಸುಮ್ನೆ ನಡೆಯುತ್ತಿರುತ್ತಾರೆ. ಅವರನ್ನು ಕೂರಿಸಲು ಒಂದು ಒಳ್ಳೆಯ ಸಿನಿಮಾ ಬೇಕೇ ಬೇಕು. ಹಾಗಾಗಿ ನಾನು ಬೇಡ ಎನ್ನುತ್ತಿಲ್ಲ. ಜೂನಿನಿಂದ ಅಕ್ಟೋಬರ್‌ವರೆಗೆ ಸಾಕು ಎನ್ನುತ್ತಿದ್ದೇನೆ.

ಇನ್ನು ಯಾವುದು ಎನ್ನುವ ಪ್ರಶ್ನೆ. ನಿನ್ನ ನೆಟ್‌ಫ್ಲಿಕ್ಸ್ ಪಾಸ್‌ವರ್ಡ್ ಇಲ್ಲಿ ಹಾಕಿಕೊಂಡು ನೋಡುವ ಕಾಲ ಮುಗಿಯಿತು. 2023ರ ಜುಲೈಯಿಂದ ಒಂದು ಅಕೌಂಟ್ ಒಂದೇ ಮನೆಯವರಿಗೆ ಎಂದು ಅವರು ಇಲ್ಲೂ ನಿಯಮ ಮಾಡಿದರು. ಬೆಂಗಳೂರಿನ ನಿನ್ನ ಮನೆ, ಉಡುಪಿಯ ಈ ಮನೆ, ಅವರ ಪ್ರಕಾರ ಎರಡು. ಅಜ್ಜಿಗೆ ಇದನ್ನು ಹೇಳಿದರೆ ಸಿಟ್ಟು ಬಂತು. "ಮಗಳ ಮನೆ ಬೇರೆ ಮನೆಯಾ?" ಎಂದು ಕೇಳಿದರು. ನಾನೆಂತ ಹೇಳುವುದು!

ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ದರ ಇಳಿಸಿದಾಗ ಮೊಬೈಲಿಗೆ 149, ಬೇಸಿಕ್‌ಗೆ 199, ಸ್ಟ್ಯಾಂಡರ್ಡ್‌ಗೆ 499, ಪ್ರೀಮಿಯಂಗೆ 649 ಎಂದು ಮಾಡಿತು. ಬೇಸಿಕ್ ಮೊದಲು 499 ಇತ್ತು. ನಮಗೆ ಬೇಸಿಕ್ ಸಾಕು. ಅದರಲ್ಲಿ ಒಂದು ಸಲಕ್ಕೆ ಒಂದೇ ಪರದೆ. ನಮ್ಮಲ್ಲಿ ಇರುವುದೂ ಒಂದೇ ಟಿವಿ. ಚಿತ್ರದ ಸ್ಪಷ್ಟತೆ 720 ಮಾತ್ರ ಎಂದು ನೀನು ಮೂಗು ಮುರಿಯಬೇಡ. ಅಪ್ಪ ಕನ್ನಡಕ ಹಾಕದೆ ನೋಡುತ್ತಾರೆ, ಅಜ್ಜಿ ಅರ್ಧ ಹೊತ್ತು ಕಣ್ಣು ಮುಚ್ಚಿ ಕೇಳುತ್ತಾರೆ. 649ರದ್ದು 4ಕೆ, ಅಂದರೆ ತುಂಬಾ ಸ್ಪಷ್ಟ ಚಿತ್ರದ ಟಿವಿ, ಇರುವವರಿಗೆ. ನಮ್ಮ ಟಿವಿಯೇ 4ಕೆ ಅಲ್ಲ, ದಂಡ ಯಾಕೆ?

ಕನ್ನಡ ಸಿನಿಮಾ ಬೇಕೆಂದರೆ ಪ್ರೈಮ್‌ನಲ್ಲಿ ಜಾಸ್ತಿ ಸಿಕ್ಕುತ್ತದೆ, ಅದು ನಿಜ. 2020ರ ಜುಲೈಯಲ್ಲಿ ಥಿಯೇಟರುಗಳಿಗೆ ಬೀಗ ಬಿದ್ದಿದ್ದಾಗ ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ಎರಡು ಸಿನಿಮಾಗಳು ನೇರ ಅಲ್ಲಿಗೇ ಬಂದಿದ್ದವು. ಆದರೆ ಒಂದು ಸಂಗತಿ ನೀನು ಹೇಳಲೇ ಇಲ್ಲ. 2025ರ ಜೂನಿನಿಂದ ಅದರಲ್ಲಿ ನಡುನಡುವೆ ಜಾಹೀರಾತು ಬರುತ್ತದೆ. ಬೇಡ ಎನ್ನುವವರು ವರ್ಷಕ್ಕೆ ಇನ್ನೂ 699 ಕೊಡಬೇಕು. ಅಲ್ಲಿಗೆ 2198 ಆಯಿತು. ದುಡ್ಡು ಕೊಟ್ಟು ಜಾಹೀರಾತು ನೋಡುವುದು, ಆಮೇಲೆ ಅದನ್ನು ತೆಗೆಸಲು ಮತ್ತೆ ದುಡ್ಡು ಕೊಡುವುದು, ಇದು ನನ್ನ ತಲೆಗೆ ಹತ್ತುವುದಿಲ್ಲ. ಪ್ರೈಮ್ ಇದ್ದರೆ ಅಮೆಜಾನಿನ ಸಾಮಾನೂ ಬೇಗ ಮನೆಗೆ ಬರುತ್ತದೆ ಎಂದು ನೀನು ಹೇಳಿದೆ. ನಮಗೆ ಬೇಕಾದ್ದು ರಸ್ತೆ ದಾಟಿದರೆ ಭಟ್ಟರ ಅಂಗಡಿಯಲ್ಲಿ ಇದೆ.

ಹಾಟ್‌ಸ್ಟಾರ್ ಅಪ್ಪನ ಬೇಡಿಕೆ. ಕ್ರಿಕೆಟ್ ಎಂಬ ಒಂದೇ ಕಾರಣ. 2023ರ ಐಪಿಎಲ್ಲನ್ನು ಜಿಯೋಸಿನಿಮಾದವರು ಪುಕ್ಕಟೆ ತೋರಿಸಿದ್ದು ಅವರಿಗೆ ಇನ್ನೂ ತಲೆಯಲ್ಲಿದೆ. 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು, ಪುಕ್ಕಟೆಯ ಕಾಲ ಮುಗಿಯಿತು. ಕೇಬಲಿನಲ್ಲಿ ಕ್ರೀಡೆಯ ಚಾನೆಲ್ ಹೇಗೂ ಇದೆ. ಇದನ್ನು ಕೈಬಿಡೋಣ, ಅಪ್ಪನಿಗೆ ನಾನು ಹೇಳುತ್ತೇನೆ.

ಇಂಟರ್ನೆಟ್ ಹಾಕಿಸಿದವರು "ಹತ್ತಾರು ಒಟಿಟಿ ಫ್ರೀ ಇದೆ, ಬೇರೆ ಎಂತದೂ ಬೇಡ ಅಮ್ಮ" ಎಂದು ಹೇಳಿ ತಿಂಗಳಿಗೆ ಸ್ವಲ್ಪ ಜಾಸ್ತಿಯ ಪ್ಯಾಕ್ ಕೊಟ್ಟಿದ್ದರು. ಆಮೇಲೆ ನೋಡಿದರೆ ಅದರಲ್ಲಿ ಹೆಸರು ಕೇಳಿದ್ದು ಒಂದೆರಡು. ಅವೂ ಮೊಬೈಲಿನಲ್ಲಿ ಮಾತ್ರ ನೋಡುವ ಪ್ಲಾನು, ಟಿವಿಗೆ ಬರುವುದಿಲ್ಲ. ಕೇಳಿದರೆ "ಅದು ಕಂಪನಿಯಿಂದ" ಎಂಬ ಉತ್ತರ. ಈ ತಿಂಗಳಿನಿಂದ ಬರೀ ಇಂಟರ್ನೆಟ್ಟಿನ ಪ್ಯಾಕ್‌ಗೆ ಬದಲಾಯಿಸಿದ್ದೇನೆ. "ಫ್ರೀ" ಎಂದು ಬರೆದಿದ್ದರೆ ಮೊದಲು ಕೇಳಬೇಕಾದ್ದು ಟಿವಿಯಲ್ಲಿ ಬರುತ್ತದಾ ಎಂದು. ನೀನೂ ರೀಚಾರ್ಜ್ ಮಾಡುವಾಗ ನೋಡು.

ನಿಜಕ್ಕೂ ಪುಕ್ಕಟೆ ಇರುವುದು ಬೇರೆ ಇದೆ. ಪ್ರಸಾರ ಭಾರತಿಯವರು 2024ರ ನವೆಂಬರಿನಲ್ಲಿ ವೇವ್ಸ್ ಎಂಬ ಆ್ಯಪ್ ತಂದರು. ದೂರದರ್ಶನದ ಹಳೆಯ ಧಾರಾವಾಹಿಗಳು ಅದರಲ್ಲಿವೆ. ಅಜ್ಜಿಗೆ ಹಾಕಿ ಕೊಟ್ಟಿದ್ದೇನೆ. ಯಕ್ಷಗಾನವಂತೂ ಯೂಟ್ಯೂಬಿನಲ್ಲಿ ಬೇಕಾದಷ್ಟು. ಅಪ್ಪ ಮಾತ್ರ "ಆಟವನ್ನು ಪೆಟ್ಟಿಗೆಯಲ್ಲಿ ನೋಡುವುದಾ" ಎನ್ನುತ್ತಲೇ ನೋಡುತ್ತಾರೆ.

ನಾನು ಮೊದಲು ಹುಡುಕಿದ್ದೇ ತುಳು ಸಿನಿಮಾ ಇದೆಯಾ ಎಂದು. 1971ರಲ್ಲಿ ಮೊದಲ ತುಳು ಸಿನಿಮಾ ಬಂದು ಇಷ್ಟು ವರ್ಷವಾಯಿತು, ಆದರೂ ಈ ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಅಪರೂಪಕ್ಕೆ ಒಂದು. ತುಳು ನೋಡಬೇಕಾದರೆ ಥಿಯೇಟರೇ ಗತಿ. ನನಗೇನೂ ಬೇಜಾರಿಲ್ಲ. ಪಕ್ಕದವರು ನಕ್ಕಾಗ ನಮಗೂ ಎರಡು ಪಟ್ಟು ನಗು ಬರುತ್ತದೆ. ಮೊದಲು ಕಲ್ಪನಾ ಟಾಕೀಸಿಗೆ ಹೋಗಿ ಬರುವುದೆಂದರೆ ಅರ್ಧ ದಿನದ ಸಂಭ್ರಮವಾಗಿತ್ತು. ಈಗ ಮಣಿಪಾಲದ ಮಾಲಿಗೆ ಹೋದರೆ ಟಿಕೆಟ್ಟಿಗಿಂತ ಪಾಪ್‌ಕಾರ್ನ್ ಭಾರ. 2025ರ ಸೆಪ್ಟೆಂಬರಿನಲ್ಲಿ ಸರಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಮ್ಮ ಖುಷಿ ಅಷ್ಟೇ ದಿನದ್ದು.

ಹಾಗೆಂದು ಎಲ್ಲವನ್ನೂ ಥಿಯೇಟರಿನಲ್ಲಿ ನೋಡಲು ಆಗುವುದಿಲ್ಲ. ನೋಡಬೇಕಾದ್ದನ್ನು ಅಲ್ಲೇ ನೋಡಬೇಕು, ಉಳಿದದ್ದಕ್ಕೆ ಕಾಯಬೇಕು. ಈಗ ಕಾಯುವುದೂ ಜಾಸ್ತಿ ಇಲ್ಲ. ನಮ್ಮ ಕೆರಾಡಿಯ ಹುಡುಗ ರಿಷಬ್ ಶೆಟ್ಟಿ ಮಾಡಿದ ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಥಿಯೇಟರಿಗೆ ಬಂತು, ಪ್ರೈಮ್‌ಗೆ ನವೆಂಬರ್ 24ಕ್ಕೆ. ಎಂಟು ವಾರ. ಆಗ ಹಾಡಿನ ಹಕ್ಕಿನ ಕೇಸಿನಿಂದಾಗಿ ಅದರ ವರಾಹರೂಪಂ ಹಾಡಿಗೆ ರಾಗವೇ ಬೇರೆ ಹಾಕಿ ಬಿಟ್ಟಿದ್ದರು, ನೆನಪಿದೆಯಾ? ಥಿಯೇಟರಿನಲ್ಲಿ ನೋಡಿದ್ದವರಿಗೆಲ್ಲ ಎದೆಗೆ ಹಿಡಿಸಲೇ ಇಲ್ಲ. ಆಮೇಲೆ ಮೂಲದ ರಾಗ ಬಂತು. ಅದರ ಹಿಂದಿನ ಕಥೆ ಹೇಳುವ ಕಾಂತಾರ ಚಾಪ್ಟರ್ 1 ಥಿಯೇಟರಿಗೆ ಬಂದದ್ದು 2025ರ ಅಕ್ಟೋಬರ್ 2ಕ್ಕೆ, ಪ್ರೈಮ್‌ಗೆ ಅದೇ ತಿಂಗಳು 31ಕ್ಕೆ. ನಾಲ್ಕೇ ವಾರ! ಇಷ್ಟು ಬೇಗ ಬರುವುದಾದರೆ ವರ್ಷವಿಡೀ ಬಾಗಿಲು ತೆರೆದಿಟ್ಟು ಕಾಯುವುದು ಯಾಕೆ? ಬೇಕಾದ ನಾಲ್ಕೈದು ಸೇರಿದ ಮೇಲೆ ಒಂದು ತಿಂಗಳು ಕಟ್ಟಿದರೆ ಆಯಿತು.

ಇದಕ್ಕೆ ನನ್ನ ಹತ್ತಿರ ಇನ್ನೊಂದು ಕಾರಣವೂ ಇದೆ. ನೀನು ಹುಟ್ಟುವ ಮೊದಲು ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಬಾಡಿಗೆ ಒಂದು ರಾತ್ರಿಗೆ. ಹಾಗಾಗಿ ಯಾವ ಕ್ಯಾಸೆಟ್ ಎಂದು ಮೊದಲೇ ಮಾತಾಡಿ ನಿರ್ಧಾರ ಮಾಡುತ್ತಿದ್ದೆವು, ನಿದ್ದೆ ಬಂದರೂ ಮುಖ ತೊಳೆದು ಬಂದು ನೋಡುತ್ತಿದ್ದೆವು. ಈಗ ನಿನ್ನ ಮನೆಯಲ್ಲಿ ನಾನು ಕಂಡದ್ದು ಎಂತ? ಸಾವಿರ ಸಿನಿಮಾ ಇದೆ. ಊಟದ ತಟ್ಟೆ ಹಿಡಿದು ಪಟ್ಟಿಯನ್ನೇ ಮೇಲೆ ಕೆಳಗೆ ಮಾಡುತ್ತೀರಿ, ಊಟ ಮುಗಿಯುತ್ತದೆ, ಸಿನಿಮಾ ಶುರುವೇ ಆಗುವುದಿಲ್ಲ. ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಗೊತ್ತಿದ್ದರೆ ನಾವು ಆರಿಸಿ ನೋಡುತ್ತೇವೆ.

ಇಂಟರ್ನೆಟ್ ಸಾಲುತ್ತದಾ ಎಂದು ನೀನು ಕೇಳಿದ್ದೆ. ನಾನು ಲೆಕ್ಕ ಹಾಕಿದೆ. ಸಾಧಾರಣ ಎಚ್‌ಡಿಗೆ 5 ಎಂಬಿಪಿಎಸ್ ವೇಗ ಸಾಕು, ಗಂಟೆಗೆ ಸುಮಾರು 3 ಜಿಬಿ ಹೋಗುತ್ತದೆ. ನಮ್ಮ ಪ್ಯಾಕಿನಲ್ಲಿ ತಿಂಗಳಿಗೆ 3300 ಜಿಬಿ. ಅಂದರೆ 1100 ಗಂಟೆ. ತಿಂಗಳಿನಲ್ಲಿ ಇರುವುದೇ 720 ಗಂಟೆ, ಅಜ್ಜಿ ರಾತ್ರಿ ಹಗಲು ನೋಡಿದರೂ ಮುಗಿಯುವುದಿಲ್ಲ. ತೊಂದರೆ ಇರುವುದು ಗಾಳಿಮಳೆಗೆ. ಒಂದು ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಕರೆಂಟೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಅಂಥ ದಿನಕ್ಕೆಂದು ಮೊಬೈಲಿಗೆ ಮೊದಲೇ ಒಂದೆರಡು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬೇಕು. ಅದನ್ನು ಬಂದಾಗ ಒಮ್ಮೆ ತೋರಿಸಿ ಹೋಗು.

ದುಡ್ಡು ನಿನ್ನ ಕಾರ್ಡಿನಿಂದ ಬೇಡ. ನೀನು ಕೊಟ್ಟರೆ ನಿಲ್ಲಿಸುವುದೂ ನಿನ್ನ ಕೆಲಸವಾಗುತ್ತದೆ, ನಿನಗೆ ಪುರುಸೊತ್ತಿಲ್ಲ. ತನ್ನಷ್ಟಕ್ಕೇ ದುಡ್ಡು ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಬಿಗಿ ನಿಯಮ ಜಾರಿಗೆ ತಂದಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕು. ಆದರೆ 15,000 ರೂಪಾಯಿಯೊಳಗಿನ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ, ಮೆಸೇಜ್ ನೋಡದಿದ್ದರೆ ದುಡ್ಡು ಹೋದದ್ದೇ. ನಿನ್ನ ಫೋನಿನಲ್ಲಿ ದಿನಕ್ಕೆ ನೂರು ಮೆಸೇಜ್, ನನ್ನದರಲ್ಲಿ ನಾಲ್ಕು. ನಾನು ನೋಡುತ್ತೇನೆ. ನನ್ನ ಯುಪಿಐಯಿಂದಲೇ ಕಟ್ಟುತ್ತೇನೆ, ಕಟ್ಟಿದ ದಿನವೇ ಕ್ಯಾನ್ಸಲ್ ಒತ್ತಿಬಿಡುತ್ತೇನೆ. ಹಾಗೆ ಮಾಡಿದರೂ ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು. ಮುಂದಿನ ತಿಂಗಳು ಬೇಕೆನಿಸಿದರೆ ಮತ್ತೆ ಕಟ್ಟಿದರಾಯಿತು. 199ರ ಲೆಕ್ಕದಲ್ಲಿ ಐದು ತಿಂಗಳಿಗೆ 995. ವರ್ಷವಿಡೀ ಇಟ್ಟರೆ 2388.

ಮೊಮ್ಮಗ ಪುಟ್ಟ ರಜೆಗೆ ಬಂದಾಗ ಏನು ಎಂದರೆ, ಅವನಿಗೆ ಬೇರೆ ಪ್ರೊಫೈಲ್ ಮಾಡಿ ಕೊಡು. 2021ರ ಸರಕಾರದ ನಿಯಮದ ಪ್ರಕಾರ 13 ಮತ್ತು ಅದಕ್ಕಿಂತ ಮೇಲಿನ ವಯಸ್ಸಿನವರದ್ದು ಎಂದು ಗುರುತು ಹಾಕಿದ್ದಕ್ಕೆಲ್ಲ ಬೀಗ ಹಾಕುವ ವ್ಯವಸ್ಥೆ ಇರಬೇಕು. ಆ ಪಿನ್ ನೀನೇ ಹಾಕು, ಅಪ್ಪನ ಹುಟ್ಟಿದ ವರ್ಷ ಬೇಡ, ಅವನಿಗೆ ಗೊತ್ತಿದೆ.

ಒಟ್ಟಿನಲ್ಲಿ ಜೂನಿಗೆ ನೆಟ್‌ಫ್ಲಿಕ್ಸ್ ಬೇಸಿಕ್ ಹಾಕೋಣ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಅದನ್ನು ಬಿಟ್ಟು ಪ್ರೈಮ್ ಒಂದು ತಿಂಗಳು ತೆಗೆದು ನೋಡೋಣ, ಅಷ್ಟು ಹೊತ್ತಿಗೆ ಕನ್ನಡದ್ದು ಕೆಲವು ಸೇರಿರುತ್ತವೆ. ಕನ್ನಡ ಧ್ವನಿ ಇರುವ ಬೇರೆ ಭಾಷೆಯ ಸಿನಿಮಾಗಳ ಪಟ್ಟಿ ಒಂದು ಮಾಡಿ ಕಳಿಸು, ಅಜ್ಜಿಗೆ ಕೆಳಗೆ ಬರುವ ಅಕ್ಷರ ಓದಲು ಆಗುವುದಿಲ್ಲ. ಹೊಡೆದಾಟದ್ದು ಬೇಡ.

ಮತ್ತೊಂದು, ಪಾಸ್‌ವರ್ಡ್ ಅಪ್ಪನಿಗೆ ಹೇಳಬೇಡ. ವೈಫೈಯದ್ದು ಹೇಳಿದ್ದಕ್ಕೆ ಈಗ ಬೀದಿಯ ಮಕ್ಕಳೆಲ್ಲ ನಮ್ಮ ಗೇಟಿನ ಹತ್ತಿರವೇ ನಿಂತಿರುತ್ತಾರೆ.

ಇಂತಿ,
ಅಮ್ಮ