ಬಿಸಿಲಿಗೆ ಹಾಕಿ ಅಂತೀರಿ, ಬಿಸಿಲು ಎಲ್ಲಿದೆ?

ಮಾನ್ಯ ಸಂಪಾದಕರೇ,

ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಂಡರೆ ಏನು ಮಾಡಬೇಕು ಅಂತ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಸಲಹೆ ಓದಿದೆ. ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಬೇಕಂತೆ. ಬರೆದವರು ಬಯಲುಸೀಮೆಯವರೇ ಇರಬೇಕು. ನಮ್ಮದು ಆಗುಂಬೆ ಹತ್ತಿರದ ಹಳ್ಳಿ. ಪುನರ್ವಸು ಮಳೆ ಹಿಡಿಯಿತೆಂದರೆ ಹಗ್ಗದ ಮೇಲಿನ ಚಡ್ಡಿಯೇ ನಾಲ್ಕು ದಿನವಾದರೂ ಒಣಗುವುದಿಲ್ಲ, ಇನ್ನು ಹತ್ತಿ ಹಾಸಿಗೆ ಒಣಗುತ್ತದಾ?

ನನ್ನ ಮಗನಿಗೆ ಆರು ವರ್ಷ. ವಾರಕ್ಕೆ ಎರಡು ರಾತ್ರಿಯಾದರೂ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಮೊದಮೊದಲು ಬಿಸಿನೀರು ಹಾಕಿ ಬ್ರಷ್‌ನಲ್ಲಿ ಗಸಗಸ ಉಜ್ಜಿದೆವು. ನೀರೆಲ್ಲ ಒಳಗಿಳಿದು ಹತ್ತಿ ಗಂಟುಗಂಟಾಯಿತು, ಕಲೆ ಹೋಗಲಿಲ್ಲ, ಮೂರನೇ ದಿನಕ್ಕೆ ಬೂಷ್ಟು ಬಂತು. ಬಚ್ಚಲೊಲೆ ಪಕ್ಕ ನಿಲ್ಲಿಸಿ ನೋಡಿದೆವು, ಇದ್ದ ವಾಸನೆ ಜತೆ ಹೊಗೆ ವಾಸನೆಯೂ ಸೇರಿಕೊಂಡಿತು!

ಈಗ ಗೊತ್ತಾದ ತಕ್ಷಣ, ಮಧ್ಯರಾತ್ರಿಯಾದರೂ ಸರಿ, ಹಳೇ ಪಂಚೆ ಇಟ್ಟು ಒತ್ತಿ ಒತ್ತಿ ತೇವ ಹೀರಿಸುತ್ತೇವೆ. ಉಜ್ಜುವುದಿಲ್ಲ. ಬಿಳಿ ವಿನೆಗರ್‌ಗೆ ಅಷ್ಟೇ ತಣ್ಣೀರು ಬೆರೆಸಿ ಮೇಲಷ್ಟೇ ಸ್ಪ್ರೇ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಒಣಬಟ್ಟೆ ಒತ್ತುತ್ತೇವೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡುವುದರಿಂದಲೇ ಆ ಘಾಟು, ವಿನೆಗರ್‌ನ ಹುಳಿ ಅದನ್ನು ಮುರಿಯುತ್ತದೆ. ಆಮೇಲೆ ಅಡುಗೆ ಸೋಡಾ ದಪ್ಪಗೆ ಉದುರಿಸಿ ಏಳೆಂಟು ಗಂಟೆ ಬಿಡಬೇಕು. ನಮ್ಮ ಥಂಡಿಗೆ ಅದು ಹಪ್ಪಳದ ಹಾಗೆ ಕಟ್ಟಿಕೊಳ್ಳುತ್ತದೆ, ಗುಡಿಸಿ ತೆಗೆದರಾಯಿತು. ಕೊನೆಗೆ ಗೋಡೆಗೆ ಒರಗಿಸಿ, ಎರಡೂ ಬದಿಗೆ ಗಾಳಿ ಆಡುವ ಹಾಗೆ ಫ್ಯಾನ್ ಹಾಕುವುದು, ಅದೂ ಕರೆಂಟ್ ಇದ್ದರೆ. ಮರ ಬಿದ್ದು ಲೈನ್ ಹೋದ ದಿನ ದೇವರೇ ಗತಿ.

ಬ್ಲೀಚಿಂಗ್ ಪುಡಿ ಮಾತ್ರ ಹಾಕಲೇಬೇಡಿ. ಅಮೋನಿಯಾ ಜತೆಗೂ ವಿನೆಗರ್ ಜತೆಗೂ ಅದು ಸೇರಿದರೆ ವಿಷದ ಗಾಳಿ ಏಳುತ್ತದೆ, ಕಿಟಕಿ ಮುಚ್ಚಿದ ಮಳೆಗಾಲದ ಕೋಣೆಯಲ್ಲಿ ಅದು ಹುಡುಗಾಟವಲ್ಲ.

ಇಷ್ಟೆಲ್ಲ ಪಾಡು ಪಟ್ಟ ಮೇಲೆ ನಮಗೆ ಹೊಳೆದದ್ದು, ಹಾಸಿಗೆ ಮೇಲೆ ಒಂದು ರಬ್ಬರ್ ಶೀಟ್, ಅದರ ಮೇಲೆ ಮಡಚಿದ ಹಳೇ ಸೀರೆ. ಸೀರೆ ಒಗೆಯುವುದು ಸುಲಭ, ಅಲ್ವಾ?

ನಿಮ್ಮ ಸಲಹೆಯಲ್ಲಿ ಇನ್ನೊಂದು ಸಾಲಿತ್ತು, ಮಗುವಿಗೆ ಸ್ವಲ್ಪ ಗದರಿಸಿ ಅಭ್ಯಾಸ ತಪ್ಪಿಸಿ ಅಂತ. ಅದು ಅಭ್ಯಾಸವಲ್ಲ ಸ್ವಾಮಿ. ಐದು ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಹೀಗಾಗುತ್ತದೆ, ನಿದ್ದೆಯಲ್ಲಿ ಅವಕ್ಕೆ ಗೊತ್ತೇ ಆಗುವುದಿಲ್ಲ, ಮನೆತನದಲ್ಲೂ ಹರಿದು ಬರುತ್ತದೆ. ನಾನು ಮಗನನ್ನು ನೆಂಟರ ಮುಂದೆ ಬೈದ ದಿನವೇ ನಮ್ಮಮ್ಮ, 'ನೀನು ಎಂಟು ವರ್ಷದವರೆಗೂ ಹೊಯ್ಕೊಂಡಿದ್ದೆ' ಅಂತ ಅದೇ ನೆಂಟರ ಮುಂದೆ ಹೇಳಿಬಿಟ್ಟಳು. ಅವತ್ತಿನಿಂದ ಬೈಯುವುದು ನಿಂತಿದೆ. ಆರು ತಿಂಗಳು ಸರಿಯಿದ್ದು ಮತ್ತೆ ಶುರುವಾದರೆ, ಅಥವಾ ಉರಿ, ವಿಪರೀತ ಬಾಯಾರಿಕೆ ಇದ್ದರೆ ಡಾಕ್ಟರಿಗೆ ತೋರಿಸಬೇಕು.

ಮುಂದಿನ ಸಲ ಇಂಥದ್ದು ಅಚ್ಚು ಹಾಕುವ ಮೊದಲು ಹುಲಿಕಲ್ಲು, ಮಾಸ್ತಿಕಟ್ಟೆ ಕಡೆಯ ಒಬ್ಬ ತಾಯಿಯನ್ನಾದರೂ ಕೇಳಿ.

– ಓದುಗ, ತೀರ್ಥಹಳ್ಳಿ ತಾಲ್ಲೂಕು